ಈಲೈ ಕಲ್ಬರ್ಟ್‌ಸನ್

ಈಲೈ ಕಲ್ಬರ್ಟ್‌ಸನ್ (ಜುಲೈ ೨೨, ೧೮೯೧ – ಡಿಸೆಂಬರ್ ೨೭, ೧೯೫೫) ಅಮೆರಿಕದ ಕಾಂಟ್ರಾಕ್ಟ್ ಬ್ರಿಜ್ ಆಟಗಾರ, ಲೇಖಕ ಮತ್ತು ಪತ್ರಿಕಾ ಸಂಪಾದಕ. ೧೯೩೦ರ ದಶಕದಲ್ಲಿ ಬ್ರಿಜ್ ಆಟವನ್ನು ಅಮೆರಿಕದ ಮನೆಮನೆಗೆ ತಲುಪಿಸಿದವರಲ್ಲಿ ಇವರ ಹೆಸರು ಮೊದಲು ಬರುತ್ತದೆ. ಇವರು ಪ್ರಚುರಪಡಿಸಿದ ಕೂಗಿನ ಪದ್ಧತಿಯು ಒಂದು ಸರಳ ವಿಚಾರದ ಮೇಲೆ ನಿಂತಿತ್ತು: ಕೆಲವು ಕೂಗುಗಳು ಜೊತೆಗಾರನನ್ನು ಮಾತಿಗೆ ಬದ್ಧಗೊಳಿಸುತ್ತವೆ, ಅವುಗಳ ಮೇಲೆ ಆತ ಸುಮ್ಮನಿರುವಂತಿಲ್ಲ. ಬಲವಾದ ಎಲೆಗಳಿದ್ದೂ ಜೊತೆಗಾರನ ಸೂಟಿನಲ್ಲಿ ಮೂರೇ ಎಲೆಗಳಿರುವಾಗ ಏನು ಕೂಗಬೇಕೆಂಬ ಪ್ರಶ್ನೆಗೆ ಅಂದು ದೊರೆತ ಉತ್ತರವೂ ಈ ವಿಚಾರದಿಂದಲೇ ಹುಟ್ಟಿತು. ಜೀವನದ ಕೊನೆಯ ಹದಿನೈದು ವರ್ಷಗಳನ್ನು ಕಲ್ಬರ್ಟ್‌ಸನ್ ಬ್ರಿಜ್‌ಗಿಂತ ಹೆಚ್ಚಾಗಿ ವಿಶ್ವಶಾಂತಿಯ ಯೋಜನೆಯೊಂದಕ್ಕೆ ಮೀಸಲಿಟ್ಟರು.

ಜನನ ಮತ್ತು ಆರಂಭಿಕ ಜೀವನ

ಕಲ್ಬರ್ಟ್‌ಸನ್ ಹುಟ್ಟಿದ್ದು ರೊಮೇನಿಯಾದ ಪೋಯಾನಾ ವರ್ಬಿಲಾವ್ ಎಂಬ ಊರಿನಲ್ಲಿ. ತಂದೆ ಆಲ್ಮನ್ ಕಲ್ಬರ್ಟ್‌ಸನ್ ಅಮೆರಿಕದ ಗಣಿ ಎಂಜಿನಿಯರ್. ತಾಯಿ ಜೀನಿಯಾ ರಗೋಜ್‌ನಾಯಾ ರಷ್ಯನ್ ಮಹಿಳೆ. ತಂದೆಯ ಕಾರಣದಿಂದ ಮಗನೂ ಅಮೆರಿಕದ ಪ್ರಜೆಯೇ ಆದರು. ಬಾಲ್ಯದಿಂದಲೇ ಹಲವು ಭಾಷೆಗಳ ನಡುವೆ ಬೆಳೆದ ಇವರಿಗೆ ರಷ್ಯನ್, ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೊದಲಾದವು ಸಲೀಸಾಗಿದ್ದವು. ಪ್ಯಾರಿಸ್ ಮತ್ತು ಜಿನೀವಾಗಳಲ್ಲಿ ವ್ಯಾಸಂಗ ಮಾಡಿದರು.

ಯೌವನದ ದಿನಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಭಾಗ ೧೯೪೦ರಲ್ಲಿ ಪ್ರಕಟವಾದ ಇವರ ಆತ್ಮಕಥೆಯಿಂದಲೇ ಬಂದದ್ದು. ರಷ್ಯಾದ ಕ್ರಾಂತಿಕಾರಿಗಳ ಒಡನಾಟ, ಸೆರೆವಾಸ, ಅಲೆದಾಟಗಳ ಕಥೆಗಳು ಅದರಲ್ಲಿ ತುಂಬಿವೆ. ತಮ್ಮನ್ನು ತಾವೇ ದಂತಕಥೆಯಾಗಿಸಿಕೊಳ್ಳುವುದರಲ್ಲಿ ಕಲ್ಬರ್ಟ್‌ಸನ್ ನಿಪುಣರಾಗಿದ್ದುದರಿಂದ ಆ ಪುಟಗಳನ್ನು ಎಚ್ಚರದಿಂದ ಓದುವುದು ಒಳ್ಳೆಯದು. ೧೯೧೭ರ ಕ್ರಾಂತಿಯಲ್ಲಿ ರಷ್ಯಾದಲ್ಲಿದ್ದ ಕುಟುಂಬದ ಸಂಪತ್ತು ಕೈತಪ್ಪಿತು ಎಂಬುದರಲ್ಲಿ ಮಾತ್ರ ವಿವಾದವಿಲ್ಲ. ಅನಂತರ ಯುರೋಪಿನ ನಗರಗಳಲ್ಲಿ ಎಲೆಯಾಟದಿಂದ ಹೊಟ್ಟೆ ಹೊರೆದುಕೊಂಡ ಇವರು ೧೯೨೧ರಲ್ಲಿ ಅಮೆರಿಕಕ್ಕೆ ಬಂದು, ಆಕ್ಷನ್ ಬ್ರಿಜ್ ಮತ್ತು ಪೋಕರ್ ಆಟಗಳ ಗೆಲುವಿನಲ್ಲೇ ಜೀವನ ಸಾಗಿಸಿದರು.

ಜೋಸೆಫೀನ್

ನ್ಯೂಯಾರ್ಕಿನಲ್ಲಿ ಬ್ರಿಜ್ ಕಲಿಸುತ್ತಿದ್ದ ಜೋಸೆಫೀನ್ ಮರ್ಫಿ ಡಿಲನ್ ಅವರನ್ನು ಕಲ್ಬರ್ಟ್‌ಸನ್ ೧೯೨೩ರಲ್ಲಿ ಮದುವೆಯಾದರು. ಆ ಹೊತ್ತಿಗೆ ಶಿಕ್ಷಕಿಯಾಗಿ ಜೋಸೆಫೀನ್ ಅವರಿಗೆ ಒಳ್ಳೆಯ ಹೆಸರಿತ್ತು. ಗಂಡನಿಗಿದ್ದದ್ದು ಜೂಜುಗಾರನ ಖ್ಯಾತಿ. ಆಟದ ಮೇಜಿನಲ್ಲಿ ಜೋಸೆಫೀನ್ ಶಾಂತ ಸ್ವಭಾವದವರು, ಲೆಕ್ಕ ತಪ್ಪದವರು. ಈಲೈ ತಡವಾಗಿ ಬರುತ್ತಿದ್ದರು, ಒಂದೊಂದು ಎಲೆಗೂ ದೀರ್ಘವಾಗಿ ಯೋಚಿಸುತ್ತಿದ್ದರು, ಎದುರಾಳಿಗಳ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದರು. ಗಂಡಹೆಂಡತಿ ಜೊತೆಗಾರರಾಗಿ ಆಡುವ ಮೇಜು ಜಗಳದ ಮೇಜು ಎಂದೇ ನಂಬಿದ್ದ ಕಾಲದಲ್ಲಿ ಈ ದಂಪತಿಗಳು ಸಾವಿರಾರು ಜನರೆದುರು ಒಟ್ಟಿಗೆ ಕುಳಿತು ಆಡಿದರು. ಅವರ ಪದ್ಧತಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇರೆ ಬೇಕಿರಲಿಲ್ಲ. ಇವರಿಗೆ ಜಾಯ್ಸ್ ಮತ್ತು ಬ್ರೂಸ್ ಎಂಬ ಇಬ್ಬರು ಮಕ್ಕಳು.

ಹೊಸ ಆಟ, ಹೊಸ ಪದ್ಧತಿ

೧೯೨೫ರ ಶರತ್ಕಾಲದಲ್ಲಿ ಪನಾಮಾ ಕಾಲುವೆಯ ಮೂಲಕ ಸಾಗುತ್ತಿದ್ದ ಹಡಗೊಂದರಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಆಕ್ಷನ್ ಬ್ರಿಜ್‌ನ ಅಂಕಗಣನೆಯನ್ನು ಬದಲಿಸಿ ಕಾಂಟ್ರಾಕ್ಟ್ ಬ್ರಿಜ್‌ಗೆ ಇಂದಿನ ರೂಪ ಕೊಟ್ಟರು. ಹಳೆಯ ಆಟದಲ್ಲಿ ಕಡಿಮೆ ಕೂಗಿ ಹೆಚ್ಚು ಗೆದ್ದರೂ ಅಷ್ಟೂ ಟ್ರಿಕ್‌ಗಳು ಗೇಮ್‌ಗೆ ಸೇರುತ್ತಿದ್ದವು. ಹೊಸ ಆಟದಲ್ಲಿ ಕೂಗಿದಷ್ಟು ಮಾತ್ರ ಲೆಕ್ಕ. ಇಸ್ಪೇಟು ಅಥವಾ ಆಟೀನು, ಅಂದರೆ ಮೇಜರ್ ಸೂಟ್‌ಗಳು, ತುರುಪಾದಾಗ ಗೇಮ್ ಬೇಕಿದ್ದರೆ ೧೩ ಟ್ರಿಕ್‌ಗಳಲ್ಲಿ ೧೦ನ್ನು ಗೆಲ್ಲುವೆವೆಂದು ಮೊದಲೇ ಕೂಗಿರಬೇಕು. ನಮ್ಮಲ್ಲಿ ಇಪ್ಪತ್ತೆಂಟು ಆಡಿದವರಿಗೆ ಹರಾಜಿನ ರೋಮಾಂಚನ ಹೊಸದಲ್ಲ. ಬ್ರಿಜ್‌ನಲ್ಲಿ ಆ ಹರಾಜು ಜೊತೆಗಾರರಿಬ್ಬರ ಸಂಭಾಷಣೆಯೂ ಆಗುತ್ತದೆ. ಪರಸ್ಪರರ ಎಲೆಗಳನ್ನು ಕಾಣದ ಇಬ್ಬರು, ಎದುರಾಳಿಗಳಿಗೂ ಕೇಳಿಸುವಂತೆ, ಬೆರಳೆಣಿಕೆಯ ಪದಗಳಲ್ಲಿ ತಮ್ಮ ಬಲವನ್ನು ಹೇಳಿಕೊಳ್ಳಬೇಕು.

ಹೊಸ ಆಟಕ್ಕೆ ಹೊಸ ಭಾಷೆ ಬೇಕಾಗುತ್ತದೆ ಎಂಬುದನ್ನು ಕಲ್ಬರ್ಟ್‌ಸನ್ ಬಹುಬೇಗ ಗ್ರಹಿಸಿದರು. ೧೯೨೯ರಲ್ಲಿ ‘ದಿ ಬ್ರಿಜ್ ವರ್ಲ್ಡ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ ‘ಕಾಂಟ್ರಾಕ್ಟ್ ಬ್ರಿಜ್ ಬ್ಲೂ ಬುಕ್’ ಹೊರಬಂತು. ಎಲೆಗಳ ಬಲವನ್ನು ಅಳೆಯಲು ಅವರು ಬಳಸಿದ ಮಾನ ‘ಆನರ್ ಟ್ರಿಕ್’. ಒಂದೇ ಸೂಟಿನ ಎಕ್ಕ ಮತ್ತು ರಾಜ ಸೇರಿದರೆ ೨, ಎಕ್ಕ ಮತ್ತು ರಾಣಿಗೆ ಒಂದೂವರೆ, ಒಂಟಿ ಎಕ್ಕಕ್ಕೆ ೧, ರಾಜ ಮತ್ತು ರಾಣಿಗೆ ೧, ಸಣ್ಣ ಎಲೆಯ ಕಾವಲಿರುವ ರಾಜನಿಗೆ ಅರ್ಧ. ಇಡೀ ಕಟ್ಟಿನಲ್ಲಿ ಸುಮಾರು ಎಂಟು ಆನರ್ ಟ್ರಿಕ್‌ಗಳು ಇರುತ್ತವೆ. ತನ್ನ ಕೈಯಲ್ಲಿರುವುದನ್ನೂ ಜೊತೆಗಾರ ಸೂಚಿಸಿದ್ದನ್ನೂ ಕೂಡಿಸಿ ಎಂಟರಿಂದ ಕಳೆದರೆ ಎದುರಾಳಿಗಳ ಬಲ ತಿಳಿಯುತ್ತದೆ.

ಪದ್ಧತಿಯ ಹೆಸರು ಅಪ್ರೋಚ್–ಫೋರ್ಸಿಂಗ್. ಅಪ್ರೋಚ್ ಎಂದರೆ ನೋ ಟ್ರಂಪ್‌ಗೆ ಆತುರಪಡದೆ ಸೂಟ್‌ಗಳನ್ನು ಒಂದೊಂದಾಗಿ ಕೂಗುತ್ತಾ ಸರಿಯಾದ ಆಟದತ್ತ ಸಾಗುವುದು. ಫೋರ್ಸಿಂಗ್ ಎಂದರೆ ಕಡ್ಡಾಯದ ಕೂಗು. ಎರಡರ ಮಟ್ಟದಲ್ಲಿ ಸೂಟೊಂದನ್ನು ಕೂಗಿ ಹರಾಜು ಆರಂಭಿಸಿದರೆ, ಜೊತೆಗಾರನ ಕೈಯಲ್ಲಿ ಏನೂ ಇಲ್ಲದಿದ್ದರೂ ಗೇಮ್ ತಲುಪುವವರೆಗೆ ಆತ ಪಾಸ್ ಹೇಳಬಾರದು. ಉತ್ತರಿಸುವವನು ಒಂದು ಮಟ್ಟ ಹಾರಿ ಹೊಸ ಸೂಟನ್ನು ಕೂಗಿದರೂ ಅದೇ ನಿಯಮ. ವ್ಯಾಂಡರ್‌ಬಿಲ್ಟ್ ಬಲವಾದ ಕೈಗಳಿಗೆಲ್ಲ ಒಂದು ಕಳಾವರು ಎಂಬ ಸಂಕೇತದ ಕೂಗನ್ನು ಸೂಚಿಸಿದ್ದರು. ಕಲ್ಬರ್ಟ್‌ಸನ್ ಅದನ್ನು ಒಪ್ಪದೆ, ಕೂಗಿದ ಸೂಟು ಕೈಯಲ್ಲೂ ಇರಬೇಕೆಂಬ ಸಹಜ ಭಾಷೆಯನ್ನೇ ಹಿಡಿದರು. ಈ ಪದ್ಧತಿಯೆಲ್ಲವೂ ಅವರೊಬ್ಬರ ಸೃಷ್ಟಿಯಲ್ಲ. ಥಿಯೋಡರ್ ಲೈಟ್ನರ್ ಮತ್ತು ವಾಲ್ಡೆಮಾರ್ ಫಾನ್ ಸೆಡ್ಟ್‌ವಿಟ್ಸ್ ಅವರ ಚಿಂತನೆ ಅದರಲ್ಲಿ ಬೆರೆತಿದೆ, ಜೋಸೆಫೀನ್ ಅವರ ಬೋಧನೆಯ ಅನುಭವವೂ ಇದೆ. ಅದನ್ನು ಒಂದು ಹೆಸರಿನ ಕೆಳಗೆ ತಂದು ಮಾರುವ ಕಲೆ ಮಾತ್ರ ಕಲ್ಬರ್ಟ್‌ಸನ್ ಅವರದೇ.

ಮೂರೆಲೆಯ ಬೆಂಬಲ

ಇಂದಿನ ಬಹುಪಾಲು ಆಟಗಾರರು ಒಂದು ಇಸ್ಪೇಟು ಅಥವಾ ಒಂದು ಆಟೀನು ಎಂದು ಆರಂಭಿಸಲು ಆ ಸೂಟಿನ ಐದು ಎಲೆಗಳನ್ನು ನಿರೀಕ್ಷಿಸುತ್ತಾರೆ. ಕಲ್ಬರ್ಟ್‌ಸನ್ ಪದ್ಧತಿಯಲ್ಲಿ ನಾಲ್ಕೇ ಸಾಕಾಗಿದ್ದವು. ಆದ್ದರಿಂದ ಜೊತೆಗಾರನ ಬಳಿ ಮೂರು ತುರುಪುಗಳಿದ್ದರೆ ಇಬ್ಬರದೂ ಸೇರಿ ಏಳೇ ಆಗುವ ಸಾಧ್ಯತೆ ಸದಾ ಇರುತ್ತಿತ್ತು. ಉಳಿದ ಆರು ತುರುಪುಗಳು ಎದುರಾಳಿಗಳ ನಡುವೆ ನಾಲ್ಕು–ಎರಡಾಗಿ ಹಂಚಿಕೆಯಾಗುವ ಸಂಭವ ಶೇಕಡಾ ೪೮. ಮೂರು–ಮೂರಾಗುವುದು ಶೇಕಡಾ ೩೬ ಮಾತ್ರ. ತುರುಪು ಎಂಟಿದ್ದರೆ ಉಳಿದ ಐದು ಎಲೆಗಳು ಶೇಕಡಾ ೬೮ರಷ್ಟು ಬಾರಿ ಮೂರು–ಎರಡಾಗಿ ಬೀಳುತ್ತವೆ. ಒಂದೇ ಒಂದು ಎಲೆಯಿಂದ ಆಗುವ ಈ ವ್ಯತ್ಯಾಸದ ಮೇಲೆ ಎಷ್ಟೋ ಗೇಮ್‌ಗಳು ನಿಂತಿವೆ, ಬಿದ್ದಿವೆ.

ಹೀಗಾಗಿ ಬೆಂಬಲ ಎಂದರೇನು ಎಂಬುದನ್ನು ಬಿಗಿಯಾಗಿ ಹೇಳಬೇಕಾಯಿತು. ಜೊತೆಗಾರ ಒಮ್ಮೆ ಮಾತ್ರ ಕೂಗಿದ ಸೂಟಿಗೆ ನಾಲ್ಕು ಸಣ್ಣ ಎಲೆಗಳಾದರೂ ಬೇಕು. ಮೂರೇ ಇದ್ದರೆ ಅವುಗಳಲ್ಲಿ ರಾಣಿಯಂಥ ದೊಡ್ಡ ಎಲೆ ಇರಬೇಕು. ಆತ ಅದೇ ಸೂಟನ್ನು ಮತ್ತೆ ಕೂಗಿದರೆ ಉದ್ದ ಖಚಿತವಾಗುವುದರಿಂದ ಮೂರು ಸಣ್ಣ ಎಲೆಗಳೂ ಸಾಕು. ಸಾಧಾರಣ ಕೈಯವನು ಅಂಥ ಮೂರೆಲೆಯಿಂದ ಎರಡಕ್ಕೆ ಏರಿಸಿ ಸುಮ್ಮನಾಗಬಹುದಿತ್ತು. ಕಷ್ಟವಿದ್ದದ್ದು ಬಲವಾದ ಕೈಯವನಿಗೆ.

ಉದಾಹರಣೆಗೆ, ಜೊತೆಗಾರ ಒಂದು ಇಸ್ಪೇಟು ಕೂಗಿದ್ದಾನೆ. ಉತ್ತರಿಸುವವನ ಕೈಯಲ್ಲಿ ಇಸ್ಪೇಟಿನ ರಾಜ, ರಾಣಿ, ಐದು. ಆಟೀನಿನ ಎಕ್ಕ, ಏಳು. ಡೈಮಂಡಿನ ಎಕ್ಕ, ರಾಜ, ಎಂಟು, ಆರು, ನಾಲ್ಕು. ಕಳಾವರಿನ ಒಂಬತ್ತು, ಐದು, ಎರಡು ಇವೆ. ಒಟ್ಟು ನಾಲ್ಕು ಆನರ್ ಟ್ರಿಕ್‌ಗಳಾದವು. ಆರಂಭಿಸಿದವನ ಬಳಿ ಸುಮಾರು ಎರಡೂವರೆ ಇರಲೇಬೇಕು. ಎಂಟರಲ್ಲಿ ಆರೂವರೆ ಇವರದೇ ಆದಾಗ ಗೇಮ್ ಖಚಿತ, ಸ್ಲ್ಯಾಮ್ ಕೂಡ ದೂರವಿಲ್ಲ. ಆದರೆ ಯಾವ ತುರುಪಿನಲ್ಲಿ? ಎರಡು ಇಸ್ಪೇಟು ಎಂದರೆ ಜೊತೆಗಾರ ಪಾಸ್ ಹೇಳಿ ಗೇಮ್ ತಪ್ಪಬಹುದು. ಪದ್ಧತಿ ಪಕ್ವಗೊಂಡಾಗ ಮೂರು ಇಸ್ಪೇಟು ಎಂಬುದು ಕಡ್ಡಾಯದ ಕೂಗೇ ಆಗಿತ್ತು. ಆದರೆ ಅದು ನಾಲ್ಕು ತುರುಪುಗಳ ಭರವಸೆ ಕೊಡುತ್ತದೆ, ಇಲ್ಲಿರುವುದು ಮೂರು. ನೇರವಾಗಿ ನಾಲ್ಕು ಇಸ್ಪೇಟು ಎಂದರೆ ತುರುಪು ಉದ್ದವಿದೆ, ಉಳಿದ ಬಲ ಕಡಿಮೆ ಎಂದರ್ಥ. ಜೊತೆಗಾರ ಅಲ್ಲಿಗೇ ನಿಲ್ಲಿಸುತ್ತಾನೆ. ಮೂರು ದಾರಿಗಳಲ್ಲಿ ಒಂದು ಬಲವನ್ನು ಮುಚ್ಚಿಡುತ್ತದೆ, ಉಳಿದೆರಡು ಇಲ್ಲದ ತುರುಪನ್ನು ಇದೆಯೆನ್ನುತ್ತವೆ.

ಕಡ್ಡಾಯದ ಕೂಗು ಇಲ್ಲಿ ನೆರವಿಗೆ ಬರುತ್ತದೆ. ಉತ್ತರಿಸುವವನು ಹಾರಿ ಮೂರು ಡೈಮಂಡ್ ಎನ್ನುತ್ತಾನೆ. ಗೇಮ್ ತಲುಪುವ ಮೊದಲು ಇಬ್ಬರೂ ನಿಲ್ಲುವಂತಿಲ್ಲವಾದ್ದರಿಂದ ಬೆಂಬಲವನ್ನು ಈಗಲೇ ಹೇಳುವ ಅವಸರ ಉಳಿಯುವುದಿಲ್ಲ. ಆರಂಭಿಸಿದವನು ಮೂರು ಇಸ್ಪೇಟು ಎಂದು ತನ್ನ ಸೂಟನ್ನು ಪುನಃ ಕೂಗಿದರೆ ಐದು ಎಲೆಗಳಿವೆ ಎಂದು ತಿಳಿಯುತ್ತದೆ. ಆಗ ರಾಜ, ರಾಣಿಯರಿರುವ ಮೂರೆಲೆ ಉತ್ತಮ ಬೆಂಬಲವಾಗುತ್ತದೆ. ಆತ ಮೂರು ನೋ ಟ್ರಂಪ್ ಎಂದರೆ ಇಸ್ಪೇಟು ನಾಲ್ಕೇ ಇರಬಹುದೆಂದು ಊಹಿಸಿ, ಏಳು ತುರುಪಿನ ಅಪಾಯಕ್ಕೆ ಕೈಹಾಕದೆ ಉಳಿಯಬಹುದು. ಇಷ್ಟೂ ನಡೆಯುವುದು ಒಂದು ನಂಬಿಕೆಯ ಮೇಲೆ. ಜೊತೆಗಾರ ನಡುದಾರಿಯಲ್ಲಿ ಪಾಸ್ ಹೇಳಿಬಿಟ್ಟರೆ ಮೂರು ಡೈಮಂಡ್ ಎಂಬ ಅಸಂಬದ್ಧ ಆಟದಲ್ಲಿ ಸಿಕ್ಕಿಕೊಳ್ಳಬೇಕಾಗುತ್ತದೆ. ಅಂದಿನ ಹಳೆಯ ಆಟಗಾರರಲ್ಲಿ ಹಲವರಿಗೆ ಈ ಬದ್ಧತೆಯೇ ಒಗ್ಗಲಿಲ್ಲ. ತಮ್ಮ ಕೈ ನೋಡಿ ತಮಗೆ ತೋಚಿದ್ದನ್ನು ಕೂಗುವ ಸ್ವಾತಂತ್ರ್ಯವನ್ನು ಪುಸ್ತಕವೊಂದು ಕಸಿದುಕೊಳ್ಳುತ್ತಿದೆ ಎಂದು ಅವರು ಭಾವಿಸಿದರು.

ಪಂದ್ಯಗಳು

ವಾದವನ್ನು ಕಲ್ಬರ್ಟ್‌ಸನ್ ಮೇಜಿನ ಮೇಲೆ ತೀರಿಸಹೊರಟರು. ೧೯೩೦ರಲ್ಲಿ ಲಂಡನ್ನಿಗೆ ಹೋಗಿ ಲೆಫ್ಟಿನೆಂಟ್ ಕರ್ನಲ್ ವಾಲ್ಟರ್ ಬುಲ್ಲರ್ ಅವರ ತಂಡದೊಡನೆ ೨೦೦ ಹಂಚಿಕೆಗಳ ಪಂದ್ಯವಾಡಿದರು. ಬುಲ್ಲರ್ ಕೃತಕ ಪದ್ಧತಿಗಳ ಕಡುವಿರೋಧಿ; ನೇರ ಕೂಗಿನ ಪಕ್ಷಪಾತಿ. ಕಲ್ಬರ್ಟ್‌ಸನ್ ದಂಪತಿಗಳು, ಲೈಟ್ನರ್ ಮತ್ತು ಫಾನ್ ಸೆಡ್ಟ್‌ವಿಟ್ಸ್ ಅವರಿದ್ದ ತಂಡ ೪,೮೪೫ ಅಂಕಗಳಿಂದ ಗೆದ್ದಿತು.

ಅಮೆರಿಕದಲ್ಲಿ ಎದುರಾಳಿಗಳು ಒಂದುಗೂಡಿದರು. ಮಿಲ್ಟನ್ ವರ್ಕ್, ವಿಲ್ಬರ್ ವೈಟ್‌ಹೆಡ್, ಸಿಡ್ನಿ ಲೆನ್ಜ್ ಮೊದಲಾದ ಹಿರಿಯರು ೧೯೩೧ರಲ್ಲಿ ಸಂಘವೊಂದನ್ನು ಕಟ್ಟಿ ‘ಆಫೀಷಿಯಲ್ ಸಿಸ್ಟಮ್’ ಎಂಬ ಹೆಸರಿನಲ್ಲಿ ತಮ್ಮ ಪದ್ಧತಿಯನ್ನು ಮುಂದಿಟ್ಟರು. ಕಲ್ಬರ್ಟ್‌ಸನ್ ಕೂಡಲೇ ಲೆನ್ಜ್ ಅವರಿಗೆ ಸವಾಲು ಹಾಕಿ, ಅವರ ೧,೦೦೦ ಡಾಲರ್‌ಗೆ ತಮ್ಮ ೫,೦೦೦ ಡಾಲರ್ ಪಣವಿಟ್ಟರು. ಹಣ ದಾನಕ್ಕೆ ಹೋಗಬೇಕೆಂಬುದು ಷರತ್ತು. ಆರ್ಥಿಕ ಕುಸಿತದ ಆ ಚಳಿಗಾಲದಲ್ಲಿ, ೧೯೩೧ರ ಡಿಸೆಂಬರ್‌ನಿಂದ ೧೯೩೨ರ ಜನವರಿಯವರೆಗೆ, ನ್ಯೂಯಾರ್ಕಿನ ಹೋಟೆಲ್ ಚಾಟಮ್‌ನಲ್ಲೂ ಅನಂತರ ವಾಲ್ಡಾರ್ಫ್ ಆಸ್ಟೋರಿಯಾದಲ್ಲೂ ೧೫೦ ರಬ್ಬರ್‌ಗಳ ಪಂದ್ಯ ನಡೆಯಿತು. ದೇಶದ ದಿನಪತ್ರಿಕೆಗಳು ಅದನ್ನು ಯುದ್ಧವಾರ್ತೆಯಂತೆ ವರದಿ ಮಾಡಿದವು. ಮಧ್ಯಸ್ಥರಾಗಿದ್ದ ಯುವ ಸೇನಾಧಿಕಾರಿ ಆಲ್‌ಫ್ರೆಡ್ ಗ್ರುಂಥರ್ ಮುಂದೆ ನೇಟೋ ಪಡೆಗಳ ಸರ್ವೋಚ್ಚ ದಂಡನಾಯಕರಾದರು.

ಲೆನ್ಜ್ ಅವರ ಜೊತೆಗಾರ ಓಸ್ವಾಲ್ಡ್ ಜಾಕೋಬಿ ಎಂಬ ತರುಣ. ಅದ್ಭುತ ಲೆಕ್ಕದ ತಲೆ, ಧೈರ್ಯದ ಆಟ. ಹಿರಿಯರಿಗೂ ಕಿರಿಯರಿಗೂ ಹೊಂದಾಣಿಕೆಯಾಗಲಿಲ್ಲ. ಜಾಕೋಬಿಯ ಕೂಗುಗಳನ್ನು ಲೆನ್ಜ್ ಬಹಿರಂಗವಾಗಿ ಟೀಕಿಸತೊಡಗಿದರು; ೧೦೩ನೆಯ ರಬ್ಬರ್ ಮುಗಿದಾಗ ಜಾಕೋಬಿ ಪಂದ್ಯ ಬಿಟ್ಟು ನಡೆದರು. ಕಮಾಂಡರ್ ವಿನ್‌ಫೀಲ್ಡ್ ಲಿಗೆಟ್ ಅವರ ಸ್ಥಾನಕ್ಕೆ ಬಂದರು. ೮೭೯ ಹಂಚಿಕೆಗಳ ಕೊನೆಗೆ ಕಲ್ಬರ್ಟ್‌ಸನ್ ಪಕ್ಷ ೮,೯೮೦ ಅಂಕಗಳಿಂದ ಮುಂದಿತ್ತು. ಅಷ್ಟು ದೀರ್ಘ ಪಂದ್ಯದಲ್ಲಿ ಆ ಅಂತರ ದೊಡ್ಡದಲ್ಲ. ರಬ್ಬರ್ ಬ್ರಿಜ್‌ನಲ್ಲಿ ಎಲೆಗಳ ಅದೃಷ್ಟಕ್ಕೆ ಪಾಲಿರುವುದರಿಂದ ಅದನ್ನು ಪದ್ಧತಿಯ ಶ್ರೇಷ್ಠತೆಗೆ ಪುರಾವೆಯೆನ್ನಲೂ ಆಗದು. ಆದರೆ ಜನ ಕಂಡದ್ದು ಬೇರೆ: ಒಂದು ಕಡೆ ಪರಸ್ಪರರನ್ನು ನಂಬಿ ಆಡಿದ ದಂಪತಿಗಳು, ಇನ್ನೊಂದು ಕಡೆ ಒಡೆದುಹೋದ ಜೋಡಿ. ಅಂದಿನಿಂದ ಆಫೀಷಿಯಲ್ ಸಿಸ್ಟಮ್ ಮರೆಗೆ ಸರಿಯಿತು.

೧೯೩೩ರಲ್ಲಿ ಲಂಡನ್ನಿನ ಸೆಲ್‌ಫ್ರಿಜಸ್ ಮಳಿಗೆಯಲ್ಲಿ ಬೀಸ್ಲಿ ತಂಡದ ಎದುರೂ, ೧೯೩೫ರಲ್ಲಿ ಹಾಲ್ ಸಿಮ್ಸ್ ಮತ್ತು ಡೊರೊಥಿ ಸಿಮ್ಸ್ ದಂಪತಿಗಳ ಎದುರೂ ಗೆಲುವು ಕಲ್ಬರ್ಟ್‌ಸನ್ ಅವರದಾಯಿತು. ‘ರೆಡ್ ಬುಕ್’, ‘ಗೋಲ್ಡ್ ಬುಕ್’ ಎಂಬ ಪುಸ್ತಕಗಳು, ಪತ್ರಿಕಾ ಅಂಕಣಗಳು, ಶಿಕ್ಷಕರ ತರಬೇತಿ, ಕೆಮ್ ಹೆಸರಿನ ಪ್ಲಾಸ್ಟಿಕ್ ಎಲೆಗಳ ತಯಾರಿಕೆ, ಹೀಗೆ ಉದ್ಯಮ ಬೆಳೆಯಿತು. ೧೯೩೭ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾತ್ರ ಪಾಲ್ ಸ್ಟರ್ನ್ ಮುನ್ನಡೆಸಿದ ಆಸ್ಟ್ರಿಯಾ ತಂಡ ಕಲ್ಬರ್ಟ್‌ಸನ್ ತಂಡವನ್ನು ಸೋಲಿಸಿತು. ಇದಾದ ಮೇಲೆ ಅವರು ದೊಡ್ಡ ಪಂದ್ಯಗಳಿಂದ ದೂರ ಸರಿದರು.

ವಿಚ್ಛೇದನ ಮತ್ತು ಶಾಂತಿ ಯೋಜನೆ

೧೯೩೮ರಲ್ಲಿ ಈಲೈ ಮತ್ತು ಜೋಸೆಫೀನ್ ವಿಚ್ಛೇದನ ಪಡೆದರು. ವ್ಯವಹಾರದ ಪಾಲುದಾರಿಕೆ ಮುರಿಯಲಿಲ್ಲ. ಕಲ್ಬರ್ಟ್‌ಸನ್ ಹೆಸರನ್ನು ಜೋಸೆಫೀನ್ ಕೊನೆಯವರೆಗೂ ಉಳಿಸಿಕೊಂಡರು. ೧೯೪೭ರಲ್ಲಿ ಈಲೈ ಮತ್ತೆ ವಿವಾಹವಾದರು.

ಎರಡನೆಯ ಮಹಾಯುದ್ಧ ಆರಂಭವಾದಾಗ ಅವರ ಮನಸ್ಸು ಆಟದಿಂದ ಪೂರ್ತಿಯಾಗಿ ರಾಜಕೀಯದ ಕಡೆ ತಿರುಗಿತ್ತು. ರಾಷ್ಟ್ರಗಳ ಒಕ್ಕೂಟವೊಂದನ್ನು ಕಲ್ಪಿಸಿ, ೧೯೪೩ರಲ್ಲಿ ‘ಟೋಟಲ್ ಪೀಸ್’ ಎಂಬ ಪುಸ್ತಕದಲ್ಲಿ ವಿವರಿಸಿದರು. ಪ್ರತಿ ದೊಡ್ಡ ರಾಷ್ಟ್ರದ ಸೈನ್ಯಕ್ಕೂ ಒಂದು ನಿಗದಿತ ಪಾಲು ಮಾತ್ರ ಇರಬೇಕು, ಸಣ್ಣ ರಾಷ್ಟ್ರಗಳಿಂದ ಆಯ್ದ ಅಂತಾರಾಷ್ಟ್ರೀಯ ಪಡೆಯೊಂದು ಇರಬೇಕು, ಯಾವ ಒಂದು ರಾಷ್ಟ್ರವೂ ಉಳಿದವರ ಒಟ್ಟು ಬಲವನ್ನು ಮೀರಿಸಬಾರದು ಎಂಬುದು ಅದರ ತಿರುಳು. ವಿಶ್ವಸಂಸ್ಥೆ ಸ್ಥಾಪನೆಯಾದ ಬಳಿಕ ಅದರ ಸುಧಾರಣೆಗಾಗಿ ವಾಷಿಂಗ್ಟನ್ನಿನ ರಾಜಕಾರಣಿಗಳ ನಡುವೆ ಓಡಾಡಿದರು. ಯೋಜನೆ ಜಾರಿಗೆ ಬರಲಿಲ್ಲ. ಎಲೆಯಾಟದವನ ಹಗಲುಗನಸೆಂದು ನಕ್ಕವರಿದ್ದರು. ಮಾತಿಗೆ ಬದ್ಧರಾಗಲು ಒಪ್ಪದವರನ್ನು ಬದ್ಧಗೊಳಿಸುವ ಕೂಗು ಆ ಮೇಜಿನಲ್ಲಿ ಇರಲಿಲ್ಲವೆಂಬುದು ಈಗ ಹಿಂತಿರುಗಿ ನೋಡುವವರಿಗೆ ಕಾಣುತ್ತದೆ. ಆದರೂ ಆ ಯೋಜನೆಗಾಗಿ ಅವರು ವ್ಯಯಿಸಿದ ವರ್ಷಗಳು ಪ್ರಚಾರದ ಹಂಬಲವಷ್ಟೇ ಎನ್ನಲು ತೀರಾ ಹೆಚ್ಚು.

ಕೊನೆಯ ದಿನಗಳು ಮತ್ತು ಪ್ರಭಾವ

ಕಲ್ಬರ್ಟ್‌ಸನ್ ಬ್ರಿಜ್‌ನಿಂದ ದೂರವಾದ ವರ್ಷಗಳಲ್ಲಿ ಚಾರ್ಲ್ಸ್ ಗೊರೆನ್ ಅವರ ಪ್ರಭಾವ ಹಬ್ಬಿತು. ಎಕ್ಕಕ್ಕೆ ೪, ರಾಜನಿಗೆ ೩, ರಾಣಿಗೆ ೨, ಗುಲಾಮನಿಗೆ ೧ ಎಂಬ ಅಂಕಗಣನೆಯನ್ನು ಗೊರೆನ್ ೧೯೪೯ರ ಹೊತ್ತಿಗೆ ಜನಪ್ರಿಯಗೊಳಿಸಿದ ಮೇಲೆ ಆನರ್ ಟ್ರಿಕ್ ಬಳಕೆಯಿಂದ ಜಾರಿತು. ಅರ್ಧ, ಒಂದೂವರೆಗಳನ್ನು ಕೂಡಿಸುವುದಕ್ಕಿಂತ ಪೂರ್ಣಾಂಕಗಳನ್ನು ಕೂಡಿಸುವುದು ಎಲ್ಲರಿಗೂ ಸುಲಭ. ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಕಲ್ಬರ್ಟ್‌ಸನ್ ವರ್ಮಾಂಟ್ ರಾಜ್ಯದ ಬ್ರ್ಯಾಟಲ್‌ಬರೊದಲ್ಲಿ ೧೯೫೫ರ ಡಿಸೆಂಬರ್ ೨೭ರಂದು ನಿಧನರಾದರು. ಮೂರು ತಿಂಗಳು ಕಳೆಯುವುದರೊಳಗೆ, ೧೯೫೬ರ ಮಾರ್ಚ್‌ನಲ್ಲಿ, ಜೋಸೆಫೀನ್ ಕೂಡ ತೀರಿಕೊಂಡರು. ೧೯೬೪ರಲ್ಲಿ ಬ್ರಿಜ್ ಹಾಲ್ ಆಫ್ ಫೇಮ್ ಆರಂಭವಾದಾಗ ಮೊದಲ ಸಾಲಿನಲ್ಲಿ ವ್ಯಾಂಡರ್‌ಬಿಲ್ಟ್ ಮತ್ತು ಗೊರೆನ್ ಅವರೊಂದಿಗೆ ಕಲ್ಬರ್ಟ್‌ಸನ್ ಹೆಸರನ್ನೂ ಸೇರಿಸಲಾಯಿತು.

ಮೂರೆಲೆಯ ಬೆಂಬಲದ ಪ್ರಶ್ನೆ ಮುಂದಿನ ತಲೆಮಾರಿನಲ್ಲಿ ಬೇರೆ ರೂಪ ತಾಳಿತು. ಆಲ್ವಿನ್ ರಾತ್ ಮೊದಲಾದವರು ಐದೆಲೆಯ ಮೇಜರ್ ಆರಂಭವನ್ನು ರೂಢಿಗೆ ತಂದ ಮೇಲೆ ಮೂರೆಲೆ ಎಂದರೆ ಎಂಟು ತುರುಪು ಖಚಿತವಾಯಿತು. ಆದರೆ ಬಲವಾದ ಕೈಯಲ್ಲಿ ಮೂರು ಮತ್ತು ನಾಲ್ಕರ ನಡುವಣ ಭೇದ ಅಳಿಯಲಿಲ್ಲ. ಗೇಮ್‌ಗೆ ಬದ್ಧವಾದ, ನಾಲ್ಕು ತುರುಪಿನ ಬೆಂಬಲವನ್ನು ತಿಳಿಸಲು ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎರಡು ನೋ ಟ್ರಂಪ್ ಉತ್ತರಕ್ಕೆ ಜಾಕೋಬಿಯ ಹೆಸರಿದೆ. ೧೦೩ನೆಯ ರಬ್ಬರ್ ಬಳಿಕ ಎದ್ದುಹೋದ ಆ ಜಾಕೋಬಿಯೇ. ಮೂರೇ ತುರುಪಿರುವ ಬಲವಾದ ಕೈಗೆ ಆ ಉತ್ತರ ಸಲ್ಲುವುದಿಲ್ಲ. ಅಂಥ ಕೈಯವನು ಮೊದಲು ಎರಡರ ಮಟ್ಟದಲ್ಲಿ ಹೊಸ ಸೂಟು ಕೂಗಿ, ಜೊತೆಗಾರ ಪಾಸ್ ಹೇಳಲಾರನೆಂಬ ಭರವಸೆಯಿಂದ, ಮುಂದಿನ ಸರದಿಯಲ್ಲಿ ಬೆಂಬಲ ತೋರಿಸುತ್ತಾನೆ. ಹಾರಿ ಕೂಗಬೇಕಾದ ಅಗತ್ಯ ತಪ್ಪಿದೆ, ದಾರಿ ಅದೇ.

‘ದಿ ಬ್ರಿಜ್ ವರ್ಲ್ಡ್’ ಈಗಲೂ ಪ್ರಕಟವಾಗುತ್ತಿದೆ. ೧೯೬೦ರ ದಶಕದಿಂದ ೧೯೯೭ರಲ್ಲಿ ತೀರಿಕೊಳ್ಳುವವರೆಗೆ ಅದರ ಸಂಪಾದಕರಾಗಿದ್ದವರು ಎಡ್ಗರ್ ಕ್ಯಾಪ್ಲನ್. ಆಲ್‌ಫ್ರೆಡ್ ಷೈನ್‌ವೋಲ್ಡ್ ಅವರೊಡನೆ ಅವರು ರೂಪಿಸಿದ ಪದ್ಧತಿಯಲ್ಲಿ ಮೇಜರ್ ಸೂಟನ್ನು ಕೂಗಿ ಆರಂಭಿಸಲು ಐದು ಎಲೆಗಳು ಬೇಕು.